ಕೃಷಿಹೊಂಡದ ಮೀನು: ಮಾಘದಲ್ಲಿ ಒಂದು ದಿನ ಗಾಳ ಹಾಕಿ ನೋಡಿ

"ಹೊಂಡದಾಗ ಮೀನು ಬಿಟ್ಟೀನಿ, ಯಾವಾಗ ಹಿಡೀಬೇಕು?" ನಮ್ಮ ವಡ್ಡು ಸುತ್ತಿನ ರೈತರು ಕೇಳುವ ಪ್ರಶ್ನೆ ಇದು. ದರೋಜಿ ಕೆರೆಯಂಥ ದೊಡ್ಡ ನೀರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಒಣಬೇಸಾಯದ ಹೊಲಗಳಲ್ಲಿ ಹೊಂಡಗಳು ಹೆಚ್ಚಾದವು. ಅವನ್ನು ತೆಗೆಸಿದ್ದು ಬೆಳೆ ಬಾಡುವಾಗ ಒಂದು ನೀರು ಕೊಡಲಿಕ್ಕೆ. ಮೀನು ಆಮೇಲಿನ ಮಾತು. ಹಾಗಾಗಿ ಇದು ಆರು ತಿಂಗಳ ಬೆಳೆ ಎಂದೇ ತಿಳಿಯಬೇಕು.

ನನ್ನ ಹೊಂಡ 21 ಮೀಟರು ಚೌಕ, 3 ಮೀಟರು ಆಳ, ಪ್ಲಾಸ್ಟಿಕ್ ಹಾಳೆ ಹಾಸಿದ್ದು. ದಂಡೆಯ ಇಳಿಜಾರು ಕಳೆದರೆ ತುಂಬಿದಾಗ ಹತ್ತು ಲಕ್ಷ ಲೀಟರಿಗೆ ಸ್ವಲ್ಪ ಕಮ್ಮಿ. ಇದಕ್ಕೆ 200 ಮರಿ ಸಾಕು. ಮಳೆನೀರು ತುಂಬಿದ ಕೂಡಲೇ ಬೆರಳುದ್ದದ ಬಲಿತ ಮರಿಗಳನ್ನೇ ಬಿಡುತ್ತೇನೆ. ಅಕ್ಕಿಕಾಳಿನಂಥ ಮರಿ ಅಗ್ಗ, ಆದರೆ ಅವು ಬೆಳೆಯುವುದರೊಳಗೆ ನೀರೇ ಇರುವುದಿಲ್ಲ. ಕಾಟ್ಲಾ ಮೇಲಿನ ನೀರಲ್ಲಿ, ರೋಹು ನಡುವೆ, ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಸರ್ಕಾರ ನಿಷೇಧಿಸಿರುವ ಆಫ್ರಿಕನ್ ಮಾಗುರನ್ನು ಯಾರು ಕೊಟ್ಟರೂ ಬಿಡಬೇಡಿ. ಮಳೆಗಾಲದಲ್ಲಿ ಹೊಂಡ ಉಕ್ಕಿದರೆ ಅದು ಹಳ್ಳಕ್ಕೆ ಸೇರಿ ಊರ ಮೀನನ್ನೆಲ್ಲ ತಿನ್ನುತ್ತದೆ.

ಚಳಿಯಲ್ಲಿ ಮೀನು ಮೇವು ಕಮ್ಮಿ ಮಾಡುತ್ತದೆ. ಸಂಕ್ರಾಂತಿ ಕಳೆದು ಮಾಘದಲ್ಲಿ ಬಿಸಿಲು ಏರಿದಾಗ ಮತ್ತೆ ಬಾಯಿ ಬಿಡುತ್ತದೆ. ಹೊಂಡದಲ್ಲಿ ಏನಾಗಿದೆ ಎಂದು ನೋಡಲಿಕ್ಕೆ ಅದೇ ಸರಿಯಾದ ಹೊತ್ತು.

ಅವತ್ತು ಬೆಳಗಿನ ಜಾವವೇ ದಂಡೆಗೆ ಹೋಗಬೇಕು, ಗಾಳ ಹಾಕಲಿಕ್ಕಲ್ಲ, ನೋಡಲಿಕ್ಕೆ. ರಾತ್ರಿಯೆಲ್ಲ ಪಾಚಿ, ಮೀನು ಎರಡೂ ಉಸಿರಾಡಿ ಸೂರ್ಯ ಹುಟ್ಟುವ ಮುಂಚೆ ನೀರಿನಲ್ಲಿ ಆಮ್ಲಜನಕ ತೀರಾ ಕಮ್ಮಿ ಇರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಹಸಿವು ಅಂತ ಹಿಟ್ಟು ಹಾಕಬೇಡಿ, ಅದು ಏದುಸಿರು. ಸಗಣಿ, ಮೇವು ನಿಲ್ಲಿಸಿ, ಮೋಟಾರಿನಿಂದ ಅದೇ ನೀರನ್ನು ಎತ್ತಿ ಮೇಲಿಂದ ಬೀಳಿಸಿ. ಮೊಣಕೈವರೆಗೆ ಕೈ ಮುಳುಗಿಸಿದಾಗ ಅಂಗೈ ಕಾಣದಿದ್ದರೆ ಪಾಚಿ ಹೆಚ್ಚಾಗಿದೆ ಎಂದು ಅರ್ಥ.

ಬಿಸಿಲು ಏರಿದ ಮೇಲೆ, ಒಂಬತ್ತು ಗಂಟೆ ಹೊತ್ತಿಗೆ, ಗಾಳ. ಬಿದಿರು ಕೋಲು, ನೈಲಾನ್ ದಾರ, ಸೂರ್ಯಕಾಂತಿ ದಂಟಿನ ಬೆಂಡು. ಜೋಳದ ಹಿಟ್ಟಿಗೆ ಶೇಂಗಾ ಹಿಂಡಿ ಸೇರಿಸಿ ಗಟ್ಟಿಯಾಗಿ ನಾದಿದ ಉಂಡೆ. ಹೊರದೇಶದಲ್ಲಿ ಹಕ್ಕಿಪುಕ್ಕವನ್ನು ಕೊಕ್ಕೆಗೆ ಕಟ್ಟಿ, ನೊಣದಂತೆ ಮಾಡಿ, ನೀರ ಮೇಲೆ ತೇಲಿಸಿ ಮೀನು ಹಿಡಿಯುತ್ತಾರೆ. ನಮ್ಮ ಗೆಂಡೆಗೆ ಹಿಟ್ಟೇ ಸೈ. ಆದರೆ ಅವರಲ್ಲಿ ಹಲವರು ಮಾಡುವ ಒಂದು ಕೆಲಸ ನಮಗೂ ಬೇಕು: ಕೊಕ್ಕೆಯ ತುದಿ ಹಿಂದಿನ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡುವುದು. ಆಗ ಸಣ್ಣ ಮೀನಿನ ಬಾಯಿ ಹರಿಯದೆ ಬಿಡಿಸಿ ನೀರಿಗೆ ಬಿಡಬಹುದು. ಕೈ ಒದ್ದೆ ಮಾಡಿಕೊಂಡೇ ಹಿಡಿಯಿರಿ.

ಉಂಡೆ ತಳಕ್ಕಿಂತ ಗೇಣು ಮೇಲಿರುವಂತೆ ಬೆಂಡು ಕಟ್ಟಬೇಕು. ಕೊಕ್ಕೆ ಹಾಳೆಗೆ ಸಿಕ್ಕಿದರೆ ಎಳೆಯಬೇಡಿ, ದಾರ ಕತ್ತರಿಸಿ. ಕೊಕ್ಕೆ ಎರಡು ರೂಪಾಯಿ, ಹಾಳೆ ಹರಿದರೆ ನೀರೇ ಹೋಯಿತು.

ಐದಾರು ಮೀನು ಸಿಕ್ಕರೆ ತೂಗಿ ಬರೆದಿಡಿ. ಹಂಗಂತ ಅದರ ಮೇಲೆ ಇಡೀ ಹೊಂಡದ ಲೆಕ್ಕ ಹಾಕಬಾರದು. ಹಿಟ್ಟಿಗೆ ಮೊದಲು ಬರುವುದು ಗೆಂಡೆ. ಕಾಟ್ಲಾ ನೀರನ್ನು ಸೋಸಿ ಸಣ್ಣ ಜೀವಿಗಳನ್ನು ತಿನ್ನುವ ಮೀನು, ಗಾಳಕ್ಕೆ ಅಪರೂಪ. ಅದು ಸಿಗಲಿಲ್ಲ ಅಂದರೆ ಸತ್ತಿದೆ ಅಂತಲ್ಲ.

ಇನ್ನು ನೀರಿನ ಲೆಕ್ಕ, ಇದೇ ಮುಖ್ಯ. ಹೊಂಡದಲ್ಲಿ ಅಡಿ ಗುರುತಿನ ಕೋಲು ನೆಡಿ. ಬೇಸಿಗೆಯಲ್ಲಿ ದಿನಕ್ಕೆ ಹೆಚ್ಚೂಕಮ್ಮಿ ಒಂದು ಸೆಂಟಿಮೀಟರು ಆವಿಯಾಗುತ್ತದೆ. ಮಾರ್ಚ್, ಏಪ್ರಿಲ್ ಎರಡೇ ತಿಂಗಳಿಗೆ ಎರಡು ಅಡಿ ಆಯಿತು. ಮಾಘದಲ್ಲಿ ಐದಡಿ ಇದ್ದು, ತರಕಾರಿ ಮಡಿಗೆ ನೀರು ಎತ್ತುವುದಿಲ್ಲ ಅನ್ನುವುದಾದರೆ ಯುಗಾದಿವರೆಗೆ ಮೀನು ಬೆಳೆಸಬಹುದು. ನಾಲ್ಕಡಿಗೆ ಬಂದಿದ್ದರೆ ಅಥವಾ ಬೆಳೆಗೆ ನೀರು ಬೇಕಿದ್ದರೆ ಆ ವಾರದಲ್ಲೇ ಹಿಡಿದುಬಿಡಿ. ಪಕ್ಕದೂರಿನ ರೈತರೊಬ್ಬರು ಇನ್ನೂ ನೂರು ಗ್ರಾಂ ತೂಗಲಿ ಅಂತ ಏಪ್ರಿಲ್‌ವರೆಗೆ ಕಾದರು. ಮೊಣಕಾಲುದ್ದ ಬಿಸಿನೀರಲ್ಲಿ ಒಂದೇ ರಾತ್ರಿಗೆ ಎಲ್ಲಾ ತೇಲಿದವು. ಆ ನೀರನ್ನು ದನವೂ ಮೂಸಲಿಲ್ಲ.

ಗಾಳದ ಗುಂಗಿನಲ್ಲಿ ಒಂದು ಮರೆಯಬೇಡಿ. ಒದ್ದೆ ಹಾಳೆಯ ಮೇಲೆ ಕಾಲು ಜಾರಿದರೆ ಈಜು ಬಲ್ಲವನೂ ಹತ್ತಿ ಬರಲಾರ. ಇಂಥ ಹೊಂಡಗಳಲ್ಲಿ ಮಕ್ಕಳು ಹೋಗಿದ್ದಾರೆ. ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟಿರಿ, ಸುತ್ತ ತಂತಿಬೇಲಿ ಇರಲಿ, ಒಬ್ಬರೇ ಕೂರಬೇಡಿ.

ಕಾಟ್ಲಾಕ್ಕೆ ಬಲೆಯೇ ಆಗಬೇಕು. ಬಲೆ ಅಂಚಿಗೆ ಕಲ್ಲು, ಕಬ್ಬಿಣ ಬೇಡ, ಹಾಳೆ ಹರಿಯುತ್ತದೆ. ತಂಪು ಹೊತ್ತಲ್ಲಿ ಎಳೆದು ದಂಡೆ ಮೇಲೇ ತೂಗಿ ಮಾರಿ. ಶಿವರಾತ್ರಿಯಂದು ಮಾತ್ರ ಬಲೆ ಹಾಕಬೇಡಿ, ನಮ್ಮ ಕಡೆ ಅವತ್ತು ಕೊಳ್ಳುವವರೇ ಇರುವುದಿಲ್ಲ.