ನಾಯಿ ತಿನ್ನಬಾರದ್ದನ್ನು ತಿಂದಾಗ

ವಾರಾಣಸಿಯ ಭೇಲೂಪುರವು ಇಪ್ಪತ್ತಮೂರನೆಯ ತೀರ್ಥಂಕರ ಪಾರ್ಶ್ವನಾಥನ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಕರ್ನಾಟಕದ ಜೈನ ಯಾತ್ರಿಕರಿಗೂ ಅದು ಪವಿತ್ರ ಕ್ಷೇತ್ರ. ಅದೇ ನಗರದ ಕಾಲಭೈರವನಿಗೆ ನಾಯಿಯೇ ವಾಹನ. ಆದುದರಿಂದ ಕಾಶಿಗೆ ಹೋದವರಲ್ಲಿ ಅನೇಕರು ಬೀದಿನಾಯಿಗೆ ಒಂದು ತುತ್ತು ಹಾಕುವುದನ್ನು ಪುಣ್ಯಕಾರ್ಯವೆಂದು ಭಾವಿಸುತ್ತಾರೆ. ಆದರೆ ಆ ತುತ್ತು ಒಣದ್ರಾಕ್ಷಿ ಹಾಕಿದ ಲಾಡುವೋ ಕೇಸರಿಭಾತೋ ಆಗಿದ್ದರೆ ನಾಯಿಗೆ ಅಪಾಯ ಉಂಟು.

ದ್ರಾಕ್ಷಿಯಿಂದ ಕೆಲವು ನಾಯಿಗಳ ಮೂತ್ರಪಿಂಡಗಳು ಕೆಡುವುದು ಬಹಳ ಕಾಲದಿಂದ ತಿಳಿದಿದ್ದರೂ ಕಾರಣ ಸ್ಪಷ್ಟವಿರಲಿಲ್ಲ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಪಶುವೈದ್ಯರು 2021ರಲ್ಲಿ ಸೂಚಿಸಿದರು. ನಮ್ಮ ಹುಣಸೆಹಣ್ಣಿನಲ್ಲಿಯೂ ಇದೇ ಆಮ್ಲವಿದೆ. ಅದನ್ನು ತಿಂದ ನಾಯಿಗಳಲ್ಲಿಯೂ ಅಂತಹುದೇ ತೊಂದರೆ ವರದಿಯಾಗಿದೆ. ಪುಳಿಯೋಗರೆಯ ಉಳಿಕೆಯನ್ನು ನಾಯಿಯ ತಟ್ಟೆಗೆ ಸುರಿಯುವ ಮನೆಗಳು ಇದನ್ನು ಗಮನಿಸಬೇಕು. ಎಷ್ಟು ದ್ರಾಕ್ಷಿ ತಿಂದರೆ ಕೇಡು ಎಂಬ ಖಚಿತ ಮಿತಿ ಇಲ್ಲ. ಒಂದು ನಾಯಿ ತಾಳಿಕೊಂಡುದನ್ನು ಇನ್ನೊಂದು ತಾಳಲಾರದು.

ಈರುಳ್ಳಿ, ಬೆಳ್ಳುಳ್ಳಿಗಳು ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಈ ಗುಣ ಹೋಗುವುದಿಲ್ಲ. (ಇವೆರಡನ್ನೂ ವರ್ಜಿಸುವ ಜೈನ ಅಡುಗೆ ಈ ಒಂದು ವಿಷಯದಲ್ಲಿ ನಾಯಿಗೂ ಕ್ಷೇಮಕರ.) ಚಾಕೊಲೇಟಿನ ಥಿಯೋಬ್ರೋಮಿನ್ ಹೃದಯವನ್ನೂ ನರಗಳನ್ನೂ ಉದ್ರೇಕಿಸುತ್ತದೆ. ಹತ್ತು ಕಿಲೋ ತೂಕದ ನಾಯಿಗೆ ಸುಮಾರು 40 ಗ್ರಾಂ ಕಪ್ಪು ಚಾಕೊಲೇಟ್ ತೊಂದರೆ ಆರಂಭಿಸಲು ಸಾಕು. ಹಾಲಿನ ಚಾಕೊಲೇಟಾದರೆ ಸುಮಾರು 100 ಗ್ರಾಂ ಬೇಕಾದೀತು. ಸಕ್ಕರೆರಹಿತ ಚೂಯಿಂಗ್ ಗಮ್ಮಿನಲ್ಲಿರುವ ಕ್ಸೈಲಿಟಾಲ್ ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ; ಅರ್ಧ ಗಂಟೆಯಲ್ಲಿಯೇ ರಕ್ತದ ಸಕ್ಕರೆ ಇಳಿದು ನಾಯಿ ತತ್ತರಿಸಿ ಬೀಳಬಹುದು.

ಉಳಿದವುಗಳಲ್ಲಿ ಮೋಸಗೊಳಿಸುವುದು ಕಾಲದ ಅಂತರ. ದ್ರಾಕ್ಷಿ ತಿಂದ ನಾಯಿ ಅಂದೇ ವಾಂತಿ ಮಾಡಿ ಚೇತರಿಸಿಕೊಂಡಂತೆ ಕಾಣಬಹುದು. ಮೂತ್ರ ಕಟ್ಟುವುದು ಎರಡು ಮೂರು ದಿನಗಳ ಮೇಲೆ. ಈರುಳ್ಳಿ ತಿಂದ ನಾಯಿಯ ಒಸಡು ಬಿಳಿಚಿಕೊಳ್ಳುವುದು, ಮೂತ್ರ ಕೆಂಪಾಗುವುದು ಕೆಲವು ದಿನಗಳ ನಂತರ. ಅಷ್ಟು ಹೊತ್ತಿಗೆ ತಿಂದದ್ದು ಯಾರಿಗೂ ನೆನಪಿರುವುದಿಲ್ಲ. ಬೀದಿನಾಯಿಯಾದರೆ ಯಾರದೋ ಜಗಲಿಯ ಕೆಳಗೆ ಸಾಯುತ್ತದೆ. ತುತ್ತು ಹಾಕಿದ ಯಾತ್ರಿಕನು ಆಗಲೇ ಊರು ಸೇರಿರುತ್ತಾನೆ.

ಆದಕಾರಣ ಲಕ್ಷಣಗಳಿಗಾಗಿ ಕಾಯತಕ್ಕದ್ದಲ್ಲ. ಮೊದಲು ಉಳಿದ ತಿನಿಸನ್ನು ನಾಯಿಯ ಬಾಯಿಗೆ ನಿಲುಕದಂತೆ ತೆಗೆದಿಡಬೇಕು. ಏನು ತಿಂದಿತು, ಸುಮಾರು ಎಷ್ಟು, ಎಷ್ಟು ಗಂಟೆಗೆ, ನಾಯಿಯ ತೂಕವೆಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ತಿನಿಸಿನ ಹೊದಿಕೆಯಿದ್ದರೆ ಅದನ್ನೂ ಇಟ್ಟುಕೊಂಡು, ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು. ತಿಂದು ಎರಡು ಗಂಟೆಯೊಳಗಾದರೆ ಅವರು ಔಷಧಿಯಿಂದ ವಾಂತಿ ಮಾಡಿಸಿ ಬಹುಭಾಗವನ್ನು ಹೊರಗೆ ತೆಗೆಯಬಲ್ಲರು. ಈ ಅವಧಿಯನ್ನು ಮನೆಮದ್ದಿನಲ್ಲಿ ಕಳೆಯುವವರೇ ಹೆಚ್ಚು.

ಉಪ್ಪುನೀರು ಕುಡಿಸುವುದು ನಮ್ಮಲ್ಲಿ ರೂಢಿಯಲ್ಲಿದೆ. ಇದನ್ನು ಸರ್ವಥಾ ಮಾಡಕೂಡದು. ಉಪ್ಪೇ ಮೆದುಳಿಗೆ ವಿಷವಾಗಿ ನಾಯಿಗೆ ಸೆಳವು ಬಂದೀತು. ಗಂಟಲಿಗೆ ಬೆರಳು ಹಾಕುವುದು, ಎಣ್ಣೆ ಹೊಯ್ಯುವುದೂ ಬೇಡ. ಹಾಲು, ಮಜ್ಜಿಗೆಗಳಿಂದ ವಿಷ ಇಳಿಯುವುದಿಲ್ಲ. ನಾಯಿ ಮಂಕಾಗಿದ್ದರೆ ಅಥವಾ ನಡುಗುತ್ತಿದ್ದರೆ ವೈದ್ಯರು ಹೇಳದ ಹೊರತು ಬಾಯಿಗೆ ಏನನ್ನೂ ಹಾಕಬಾರದು. ಹಾಕಿದ್ದು ಶ್ವಾಸಕೋಶಕ್ಕೆ ಇಳಿಯಬಹುದು.

ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯುಂಟು. ಬೇರೆ ಊರುಗಳವರು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯ ವೇಳೆಯನ್ನೂ ದೂರವಾಣಿಯನ್ನೂ ಮೊದಲೇ ತಿಳಿದು ಬರೆದಿಟ್ಟುಕೊಳ್ಳುವುದು ಲೇಸು. ಮುಖ್ಯವಾಗಿ ಜಾನುವಾರುಗಳಿಗಾಗಿ ಏರ್ಪಟ್ಟಿರುವ 1962 ಸಂಖ್ಯೆಯ ಸಂಚಾರಿ ಪಶುಚಿಕಿತ್ಸಾ ಸಹಾಯವಾಣಿ ಕರ್ನಾಟಕ, ಉತ್ತರಪ್ರದೇಶ ಎರಡರಲ್ಲಿಯೂ ಇದೆ. ಅಲ್ಲಿ ವಿಚಾರಿಸಿ ನೋಡಬಹುದು. ಕಾಶಿಯಲ್ಲಿ ನಾಯಿಗೆ ಏನಾದರೂ ಹಾಕಲೇಬೇಕೆನಿಸಿದರೆ ಬರಿಯ ರೊಟ್ಟಿ ಅಥವಾ ಅನ್ನ ಸಾಕು. ಬೇಸಿಗೆಯಾದರೆ ಒಂದು ಬೋಗುಣಿ ನೀರೂ ಇರಲಿ.