ಹೇಳಿದ್ದನ್ನು ಮತ್ತೆ ಹೇಳದ ವಿದ್ಯೆ

ತಂತಿಯ ಕಾಲವನ್ನು ಕೊಂಚ ನೆನೆಯೋಣ. ನಮ್ಮ ದೇಶದಲ್ಲಿ ೨೦೧೩ರ ಜುಲೈ ತಿಂಗಳಿನಲ್ಲಿ ನಿಂತುಹೋದ ಆ ಸೇವೆಯಲ್ಲಿ ಪದಗಳನ್ನು ಎಣಿಸಿ ಹಣ ತೆರಬೇಕಾಗಿದ್ದುದರಿಂದ ಜನರು ಮಾತನ್ನು ಹಿಡಿದು ಹಿಡಿದು ಬಳಸುತ್ತಿದ್ದರು. ಹಬ್ಬಕ್ಕೂ ಮದುವೆಗೂ ಕಳುಹಿಸುವ ಶುಭಾಶಯದ ತಂತಿಗಳಿಗಂತೂ ಇಲಾಖೆಯೇ ಒಂದು ಉಪಾಯವನ್ನು ಕಲ್ಪಿಸಿತ್ತು: ವಾಡಿಕೆಯ ವಾಕ್ಯಗಳಿಗೆ ಒಂದೊಂದು ಅಂಕೆ. ಕಳುಹಿಸುವವನು ಅಂಕೆಯನ್ನು ಬರೆದುಕೊಟ್ಟರೆ ಸಾಕು. ಆಚೆಯ ಕೊನೆಯಲ್ಲಿ ಕುಳಿತ ನೌಕರನು ಪಟ್ಟಿಯನ್ನು ನೋಡಿ ಪೂರ್ಣ ವಾಕ್ಯವನ್ನು ಕಾಗದಕ್ಕೆ ಇಳಿಸುತ್ತಿದ್ದನು. ವಾಕ್ಯದಲ್ಲಿ ಒಂದಕ್ಷರವೂ ಕಳೆಯಲಿಲ್ಲ. ಆದರೂ ತಂತಿಯ ಮೇಲೆ ಸಾಗಿದ್ದು ಬಹು ಸ್ವಲ್ಪ.

ಎರಡು ಕೊನೆಗಳಲ್ಲಿಯೂ ಒಂದೇ ಪಟ್ಟಿ ಇದ್ದುದರಿಂದ ಇದು ಸಾಧ್ಯವಾಯಿತು. ಪಟ್ಟಿಯೇ ಇಲ್ಲದಿದ್ದರೆ? ಯಾರೋ ಯಾವುದೋ ಭಾಷೆಯಲ್ಲಿ ಬರೆದ ಕಡತವೊಂದನ್ನು ಗಣಕಯಂತ್ರವು ಚಿಕ್ಕದು ಮಾಡಬೇಕು. ಅದರಲ್ಲಿ ಏನಿದೆಯೆಂಬುದು ಯಂತ್ರಕ್ಕೆ ಮೊದಲೇ ತಿಳಿಯದು. ಈ ತೊಡಕನ್ನು ಬಿಡಿಸಿದವರು ಇಸ್ರೇಲಿನ ಇಬ್ಬರು ವಿದ್ವಾಂಸರು, ಯಾಕೋಬ್ ಜಿವ್ ಮತ್ತು ಅಬ್ರಹಾಂ ಲೆಂಪೆಲ್. ೧೯೭೭ರಲ್ಲಿ ಅವರು ಪ್ರಕಟಿಸಿದ ಉತ್ತರವು ಬಲು ಸರಳವಾಗಿದೆ: ಕಡತವೇ ತನ್ನ ಪಟ್ಟಿಯಾಗಲಿ. ಈಗಾಗಲೇ ಬಂದುಹೋದ ಭಾಗವು ಮತ್ತೆ ಬಂದರೆ ಅದನ್ನು ಪುನಃ ಬರೆಯದೆ, “ಹಿಂದಕ್ಕೆ ಇಷ್ಟು ಹೋಗು, ಅಲ್ಲಿಂದ ಇಷ್ಟನ್ನು ನಕಲು ಮಾಡು” ಎಂದು ಎರಡು ಸಂಖ್ಯೆಗಳನ್ನು ಬರೆದರಾಯಿತು. ಬಿಡಿಸುವವನ ಕೈಯಲ್ಲಿ ಆ ವೇಳೆಗೆ ಹಿಂದಿನ ಭಾಗವು ಇದ್ದೇ ಇರುತ್ತದೆಯಷ್ಟೆ.

ಒಂದು ಸಣ್ಣ ಸಾಲನ್ನು ತೆಗೆದುಕೊಳ್ಳೋಣ: “ಮಾವಿನ ಮರ, ಮಾವಿನ ಎಲೆ, ಮಾವಿನ ಹಣ್ಣು.” ಇಂದು ಬಹುಮಟ್ಟಿಗೆ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-೮ ಎಂಬ ಸಂಕೇತಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಯೂ ಮೂರು ಬೈಟುಗಳ ಜಾಗವನ್ನು ಹಿಡಿಯುತ್ತದೆ. ‘ಮಾವಿನ’ ಎಂಬಲ್ಲಿ ಮ, ಅದರ ದೀರ್ಘ, ವ, ಅದರ ಗುಡಿಸು, ನ ಎಂದು ಐದು ಚಿಹ್ನೆಗಳು. ಅಂದರೆ ೧೫ ಬೈಟು. ಅದರ ಮುಂದಿನ ಖಾಲಿ ಜಾಗಕ್ಕೆ ಒಂದು ಬೈಟು. ‘ಮರ’ ಎಂಬುದಕ್ಕೆ ಆರು, ಅಲ್ಪವಿರಾಮಕ್ಕೂ ಖಾಲಿ ಜಾಗಕ್ಕೂ ಒಂದೊಂದು. ಹೀಗೆ ಮೊದಲನೆಯ ‘ಮಾವಿನ’ದಿಂದ ಎರಡನೆಯದಕ್ಕೆ ಇರುವ ದೂರ ೨೪ ಬೈಟು. ಎರಡನೆಯದನ್ನು ಬರೆಯುವ ಬದಲು “೨೪ ಹಿಂದಕ್ಕೆ ಹೋಗಿ ೧೬ನ್ನು ನಕಲು ಮಾಡು” ಎನ್ನಬಹುದು.

ಆದರೆ ಯಂತ್ರವು ಹೇಳುವುದು ೧೬ ಎಂದಲ್ಲ, ೧೮ ಎಂದು! ಇದೇಕೆಂಬುದನ್ನು ವಿಚಾರಿಸಿ ನೋಡುವುದು ಸ್ವಾರಸ್ಯಕರವಾಗಿದೆ. ಮೊದಲ ಸಲ ‘ಮಾವಿನ’ದ ಮುಂದೆ ಬಂದ ಅಕ್ಷರ ‘ಮ’, ಎರಡನೆಯ ಸಲ ‘ಎ’. ನಮ್ಮ ಕಣ್ಣಿಗೆ ಇವೆರಡಕ್ಕೂ ಯಾವ ಹೋಲಿಕೆಯೂ ಇಲ್ಲ. ಯಂತ್ರಕ್ಕಾದರೋ ಅಕ್ಷರವೆಂಬುದೇ ತಿಳಿಯದು. ಅದು ಕಾಣುವುದು ಬೈಟುಗಳನ್ನು ಮಾತ್ರ. ಕನ್ನಡದ ಯಾವ ಚಿಹ್ನೆಯನ್ನೇ ತೆಗೆದುಕೊಳ್ಳಿ, ಅದರ ಮೊದಲನೆಯ ಬೈಟು ಯಾವಾಗಲೂ ೨೨೪. ಎರಡನೆಯದು ೧೭೮ ಅಥವಾ ೧೭೯, ಇವೆರಡರಲ್ಲಿ ಒಂದು. ‘ಮ’ಕಾರಕ್ಕೂ ‘ಎ’ಕಾರಕ್ಕೂ ಮೊದಲ ಎರಡು ಬೈಟುಗಳು ಒಂದೇ ಆಗಿರುವುದರಿಂದ ಯಂತ್ರವು ಅವನ್ನೂ ನಕಲಿಗೆ ಸೇರಿಸಿಕೊಂಡು, ಅಕ್ಷರದ ನಡುವೆಯೇ ಕತ್ತರಿಸಿ ಮುಂದೆ ಸಾಗುತ್ತದೆ. ಒಂದಕ್ಷರಕ್ಕೆ ಮೂರು ಬೈಟು ತೆರಬೇಕೆಂದು ಕನ್ನಡಿಗರು ಮರುಗುವುದುಂಟು. ಆ ಮೂರರಲ್ಲಿ ಹೊಸ ಸಂಗತಿಯನ್ನು ಹೇಳುವುದು ಹೆಚ್ಚು ಕಡಿಮೆ ಕೊನೆಯದೊಂದೇ; ಆದುದರಿಂದಲೇ ನಮ್ಮ ಭಾಷೆಯ ಉದ್ದವಾದ ಕಡತಗಳು ಚೆನ್ನಾಗಿ ಕುಗ್ಗುತ್ತವೆ. ಮೂಲದ ಮೂರನೆಯ ಒಂದು ಭಾಗಕ್ಕಿಂತ ಕೆಳಗೆ ಇಳಿಯುವುದು ಸಾಮಾನ್ಯ.

ಇದರ ಮೇಲೆ ಇನ್ನೊಂದು ಯುಕ್ತಿಯೂ ಸೇರುತ್ತದೆ. ಪದೇ ಪದೇ ಬರುವ ಬೈಟಿಗೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದನೆಯದು. ಮೋರ್ಸ್ ಸಂಕೇತದಲ್ಲಿ ಇಂಗ್ಲಿಷಿನ ‘ಇ’ ಅಕ್ಷರಕ್ಕೆ ಒಂದೇ ಚುಕ್ಕೆ ಇರುವುದು ಈ ನ್ಯಾಯದಿಂದಲೇ. ಇಂತಹ ಸಂಕೇತಗಳಲ್ಲಿ ಅತ್ಯಂತ ಮಿತವಾದುದನ್ನು ಕಟ್ಟುವ ಕ್ರಮವನ್ನು ಕಂಡುಹಿಡಿದವನು ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಒಬ್ಬ ವಿದ್ಯಾರ್ಥಿ, ಡೇವಿಡ್ ಹಫ್‌ಮನ್. ಆತನ ಗುರು ರಾಬರ್ಟ್ ಫ್ಯಾನೋ ತರಗತಿಯ ಮುಂದೆ ಎರಡು ದಾರಿಗಳನ್ನು ಇಟ್ಟಿದ್ದರು: ಕೊನೆಯ ಪರೀಕ್ಷೆಯನ್ನು ಬರೆಯುವುದು, ಇಲ್ಲವೆ ಒಂದು ಪ್ರಬಂಧವನ್ನು ಒಪ್ಪಿಸುವುದು. ಪರೀಕ್ಷೆಯನ್ನು ತಪ್ಪಿಸಿಕೊಳ್ಳಹೊರಟ ಹಫ್‌ಮನ್ ಗುರುವೇ ಪೂರ್ತಿಯಾಗಿ ಬಿಡಿಸಲಾರದೆ ಉಳಿಸಿದ್ದ ಸಮಸ್ಯೆಯನ್ನು ಬಿಡಿಸಿದನು. ಅದು ೧೯೫೨ರಲ್ಲಿ ಪ್ರಕಟವಾಯಿತು. (ಪರೀಕ್ಷೆಯನ್ನು ತಪ್ಪಿಸಿಕೊಂಡವರೆಲ್ಲರಿಗೂ ಈ ಭಾಗ್ಯವಿಲ್ಲವೆಂಬುದನ್ನು ವಿದ್ಯಾರ್ಥಿಮಿತ್ರರು ಮರೆಯಬಾರದು.)

ಈ ಎರಡು ಯುಕ್ತಿಗಳನ್ನು ಫಿಲ್ ಕಾಟ್ಜ್ ಎಂಬುವರು ಒಂದುಗೂಡಿಸಿದರು. ಅದನ್ನು ಬಳಸಿ ಜಾನ್-ಲೂ ಗೈಯೀ ಮತ್ತು ಮಾರ್ಕ್ ಆಡ್ಲರ್ ಎಂಬಿಬ್ಬರು ಗ್ನೂ ಯೋಜನೆಗಾಗಿ ಬರೆದ ಸಾಧನವೇ ‘ಜಿಜಿಪ್’. ಅದು ಮೊದಲು ಹೊರಬಂದದ್ದು ೧೯೯೨ರ ಅಕ್ಟೋಬರ್ ೩೧ರಂದು. ಅದಕ್ಕೆ ಮುಂಚೆ ಯೂನಿಕ್ಸ್ ಗಣಕಗಳಲ್ಲಿದ್ದ ‘ಕಂಪ್ರೆಸ್’ ಎಂಬ ಸಾಧನದ ವಿಧಾನವು ಪೇಟೆಂಟಿಗೆ ಒಳಪಟ್ಟಿದ್ದುದರಿಂದ ಯಾರ ಅಪ್ಪಣೆಯೂ ಬೇಡದ ಸಾಧನವೊಂದು ಅಗತ್ಯವಾಗಿತ್ತು. ಲಿನಕ್ಸ್ ಇರುವ ಗಣಕಗಳಲ್ಲಿ ಇಂದು ಸಾಮಾನ್ಯವಾಗಿ ಅದು ಇದ್ದೇ ಇರುತ್ತದೆ.

ಬಳಸುವ ಕ್ರಮವನ್ನು ನೋಡೋಣ. ಇಲ್ಲಿ ಆದೇಶಗಳನ್ನು ನಾವು ಕನ್ನಡದಲ್ಲಿ ಬರೆದಿದ್ದೇವೆ. ಟರ್ಮಿನಲ್ಲಿನ ಮುಂದೆ ಕುಳಿತಾಗ ಅವನ್ನು ರೋಮನ್ ಲಿಪಿಯ ಚಿಕ್ಕ ಅಕ್ಷರಗಳಲ್ಲಿಯೇ ಒತ್ತಬೇಕು: ಜಿ, ಝಡ್, ಐ, ಪಿ. ಕಡತದ ಹೆಸರು ಮಾತ್ರ ಕನ್ನಡದಲ್ಲಿದ್ದರೂ ಅಡ್ಡಿಯಿಲ್ಲ. ‘ಕೋಶ’ ಎಂಬ ಕಡತವಿದೆಯೆನ್ನೋಣ. ‘ಜಿಜಿಪ್ ಕೋಶ’ ಎಂದು ಬರೆದು ಎಂಟರ್ ಕೀಲಿಯನ್ನು ಒತ್ತಿದೊಡನೆ ‘ಕೋಶ.ಜಿಝಡ್’ ಎಂಬ ಚಿಕ್ಕ ಕಡತವು ಹುಟ್ಟುತ್ತದೆ. ಆದರೆ ಮೂಲದ ‘ಕೋಶ’ ಎಲ್ಲಿ? ಅದು ಮಾಯವಾಗಿರುತ್ತದೆ! ಮೊದಲ ಸಲ ಇದನ್ನು ಕಂಡಾಗ ನಾವೂ ಗಾಬರಿಗೊಂಡದ್ದುಂಟು. ಕೆಲಸವು ಸರಿಯಾಗಿ ಮುಗಿದ ಮೇಲೆ ಮೂಲವನ್ನು ಅಳಿಸುವುದು ಈ ಸಾಧನದ ಸ್ವಭಾವ. ಮೂಲವೂ ಉಳಿಯಬೇಕಾದರೆ ‘ಜಿಜಿಪ್ -ಕೆ ಕೋಶ’ ಎನ್ನಬೇಕು. ಈ ಸೌಕರ್ಯವು ೨೦೧೩ರ ೧.೬ನೆಯ ಆವೃತ್ತಿಯಲ್ಲಿ ಸೇರಿತು. ಗಂಟನ್ನು ಬಿಚ್ಚಲು ‘ಜಿಜಿಪ್ -ಡಿ ಕೋಶ.ಜಿಝಡ್’. ಬಿಚ್ಚಿದಾಗಲೂ ಗಂಟು ಅಳಿದು ಮೂಲವೊಂದೇ ಉಳಿಯುತ್ತದೆ. ೧ರಿಂದ ೯ರವರೆಗಿನ ಅಂಕೆಗಳಿಂದ ಶ್ರಮವನ್ನು ನಿಯಮಿಸಬಹುದು: ೧ ಎಂದರೆ ಅವಸರದ ಕೆಲಸ, ೯ ಎಂದರೆ ತಾಳ್ಮೆಯ ಕೆಲಸ, ಏನೂ ಹೇಳದಿದ್ದರೆ ೬. ಹಲವು ಕಡತಗಳನ್ನು ಒಂದೇ ಗಂಟು ಮಾಡುವುದು ಇದರ ಕೆಲಸವಲ್ಲ. ಅದಕ್ಕೆ ‘ಟಾರ್’ ಎಂಬ ಬೇರೊಂದು ಸಾಧನವಿದೆ.

ಒಮ್ಮೆ ಕುಗ್ಗಿಸಿದ್ದನ್ನು ಮತ್ತೆ ಮತ್ತೆ ಕುಗ್ಗಿಸುತ್ತ ಹೋದರೆ ಕಡೆಗೆ ಏನೂ ಉಳಿಯುವುದಿಲ್ಲವೆ ಎಂದು ಜಾಣ ವಿದ್ಯಾರ್ಥಿಗಳು ಕೇಳುತ್ತಾರೆ. ಪ್ರಯೋಗ ಮಾಡಿದರೆ ಎರಡನೆಯ ಸಲಕ್ಕೇ ಕಡತವು ಸಾಮಾನ್ಯವಾಗಿ ತುಸು ದೊಡ್ಡದಾಗುತ್ತದೆ. ಪುನರುಕ್ತಿಯೆಲ್ಲ ಮೊದಲೇ ಹೋಗಿರುವಾಗ ಇನ್ನು ತೆಗೆಯುವುದೇನನ್ನು? ಛಾಯಾಚಿತ್ರಗಳ ಜೆಪೆಗ್ ಕಡತಗಳೂ ಇದೇ ಕಾರಣದಿಂದ ಜಗ್ಗುವುದಿಲ್ಲ. ಒಂದಕ್ಷರವೂ ಇಲ್ಲದ ಬರಿದಾದ ಕಡತವನ್ನು ಕೊಟ್ಟರಂತೂ ೨೦ಕ್ಕೂ ಹೆಚ್ಚು ಬೈಟುಗಳ ಕಡತವು ಹೊರಬರುತ್ತದೆ. ತಲೆಬರಹಕ್ಕೂ ಕೊನೆಯ ಗುರುತಿಗೂ ಜಾಗ ಬೇಕಲ್ಲ!

ಇದು ಈ ಸಾಧನದ ದೋಷವಲ್ಲ, ಗಣಿತದ ಕಟ್ಟಳೆ. ಹತ್ತು ಬಿಟ್ಟುಗಳ ಉದ್ದದ ಸಂದೇಶಗಳು ಒಟ್ಟು ೧,೦೨೪. ಹತ್ತಕ್ಕಿಂತ ಚಿಕ್ಕವು, ಬರಿದಾದುದನ್ನೂ ಎಣಿಸಿದರೆ, ೧,೦೨೩. ಒಂದೊಂದು ಸಂದೇಶಕ್ಕೂ ಒಂದೊಂದು ಬೇರೆ ಚಿಕ್ಕ ರೂಪವನ್ನು ಹಂಚಲು ಹೋದರೆ ಒಂದು ಕಡಮೆಯಾಯಿತು. ಎರಡು ಸಂದೇಶಗಳಿಗೆ ಒಂದೇ ರೂಪವನ್ನು ಕೊಟ್ಟರೆ ಬಿಚ್ಚುವಾಗ ಯಾವುದೆಂದು ತಿಳಿಯುವಂತಿಲ್ಲ. ಉದ್ದವು ಹತ್ತಾದರೂ ಹತ್ತು ಕೋಟಿಯಾದರೂ ಲೆಕ್ಕ ಇದೇ. ಆದಕಾರಣ ಎಲ್ಲ ಕಡತಗಳನ್ನೂ ಕುಗ್ಗಿಸುವ ಸಾಧನವನ್ನು ಯಾರೂ ಕಟ್ಟಿಲ್ಲ, ಕಟ್ಟಲಾರರು. ಹಾಗೆಂದು ಮಾರಲು ಬಂದವನನ್ನು ನಂಬಬೇಕಾಗಿಲ್ಲ.

ಪುನರುಕ್ತಿಯನ್ನು ತೆಗೆದುದಕ್ಕೆ ಒಂದು ಬೆಲೆಯೂ ಉಂಟು. ಸಾಧಾರಣ ಬರಹದಲ್ಲಿ ಒಂದು ಬಿಟ್ಟು ಕೆಟ್ಟರೆ ಒಂದು ಅಕ್ಷರ ಕೆಡುತ್ತದೆ; ಓದುವವನು ಊಹಿಸಿಕೊಳ್ಳಬಲ್ಲನು. ಕುಗ್ಗಿಸಿದ ಕಡತದಲ್ಲಿ ಒಂದು ಬಿಟ್ಟು ಕೆಟ್ಟರೆ ಅಲ್ಲಿಂದ ಮುಂದಿನ ಸಂಕೇತಗಳು ತಪ್ಪಾಗಿ ತುಂಡಾಗಬಹುದು. ಅವನ್ನು ನೆಚ್ಚಿ ನಕಲು ಮಾಡಿದ ಭಾಗಗಳೂ ಕೆಟ್ಟು, ಉಳಿದುದೆಲ್ಲ ಹಾಳಾಗುವುದುಂಟು. ಅದಕ್ಕಾಗಿಯೇ ಕಡತದ ಕೊನೆಯಲ್ಲಿ ಎಂಟು ಬೈಟುಗಳು ಇರುತ್ತವೆ: ನಾಲ್ಕು ಬೈಟುಗಳಲ್ಲಿ ಮೂಲದಿಂದ ಲೆಕ್ಕಹಾಕಿದ ಒಂದು ತಾಳೆಸಂಖ್ಯೆ, ನಾಲ್ಕರಲ್ಲಿ ಮೂಲದ ಉದ್ದ. ಇವು ಕೆಟ್ಟುದನ್ನು ತೋರಿಸುತ್ತವೆಯೇ ಹೊರತು ಸರಿಪಡಿಸಲಾರವು. ವರ್ಷದ ಟಿಪ್ಪಣಿಗಳನ್ನೆಲ್ಲ ಗಂಟು ಕಟ್ಟಿಡುವ ವಿದ್ಯಾರ್ಥಿಯು ಮೊದಲು ‘-ಕೆ’ ಎಂದು ಮೂಲವನ್ನು ಉಳಿಸಿಕೊಂಡು, ಗಂಟನ್ನು ಬೇರೊಂದು ಜಾಗಕ್ಕೆ ನಕಲು ಮಾಡಿ, ಅಲ್ಲಿ ‘ಜಿಜಿಪ್ -ಟಿ ಕೋಶ.ಜಿಝಡ್’ ಎಂದು ಪರೀಕ್ಷಿಸಬೇಕು. ತಪ್ಪಿದ್ದರೆ ಅದು ದೂರುತ್ತದೆ. ಎಲ್ಲವೂ ಸರಿಯಾಗಿದ್ದರೆ ಒಂದು ಮಾತನ್ನೂ ಆಡದೆ ಸುಮ್ಮನೆ ಮುಂದಿನ ಆದೇಶಕ್ಕಾಗಿ ಕಾಯುತ್ತದೆ.