ಭೂತಾಯಿ ಮೀನಿನ ಅಂಗರಚನೆ ಮತ್ತು ಕುಲವಿಭಾಗ

ಬೇಸಾಯದ ಪತ್ರಿಕೆಯಲ್ಲಿ ಮೀನಿನ ಪಾಠವೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಮೀನನ್ನು ಮುಟ್ಟದ ಭೂಮಾಲೀಕರು ಅನೇಕರಿರುವರೆಂಬುದನ್ನೂ ಬಲ್ಲೆನು. ಆದರೆ ಅಂತಹವರ ತೆಂಗಿನ ತೋಟಗಳಿಗೂ ಕರಾವಳಿಯಿಂದ ಮೀನುಗೊಬ್ಬರವು ಮೂಟೆ ಮೂಟೆಯಾಗಿ ಬಂದುದುಂಟು. ಆ ಗೊಬ್ಬರಕ್ಕೆ ಬಹುಕಾಲದಿಂದ ಮುಖ್ಯ ಆಧಾರವಾಗಿದ್ದುದು ತುಳುವರು ಭೂತಾಯಿ ಅಥವಾ ಬೈಗೆ ಎಂದೂ, ಕೊಂಕಣಿಗರು ತಾರ್ಲೆ ಎಂದೂ, ಮಲೆಯಾಳಿಗಳು ಮತ್ತಿ ಎಂದೂ ಕರೆಯುವ ಮೀನು. ಹಣ ಕೊಟ್ಟು ಕೊಳ್ಳುವ ವಸ್ತುವಿನ ಮೂಲವನ್ನು ತಿಳಿದಿರುವುದು ಕೊಳ್ಳುವವನಿಗೆ ಲಾಭಕರವಷ್ಟೆ.

ಶಾಸ್ತ್ರಜ್ಞರು ಈ ಮೀನನ್ನು ಸಾರ್ಡಿನೆಲ್ಲಾ ಎಂಬ ಕುಲದಲ್ಲಿ ಸೇರಿಸಿರುತ್ತಾರೆ. ಈ ಕುಲವನ್ನು ಸ್ಥಾಪಿಸಿ, ನಮ್ಮ ಭೂತಾಯಿಗೆ ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ಎಂಬ ಹೆಸರನ್ನಿಟ್ಟವನು ವಾಲಾನ್ಸಿಯೆನ್ ಎಂಬ ಫ್ರೆಂಚ್ ವಿದ್ವಾಂಸನು, ಕಾಲವು 1847. ಲಾಂಗಿಸೆಪ್ಸ್ ಎಂದರೆ ನೀಳವಾದ ತಲೆಯುಳ್ಳದ್ದು ಎಂದರ್ಥ. ಹೆಸರು ಅನ್ವರ್ಥವಾಗಿಯೇ ಇದೆ. ಬಾಲದ ಈಜುರೆಕ್ಕೆಯನ್ನು ಬಿಟ್ಟು ಉಳಿದ ಉದ್ದವನ್ನು ನೂರು ಪಾಲು ಮಾಡಿದರೆ 29 ರಿಂದ 35 ಪಾಲು ತಲೆಗೇ ಸಲ್ಲುತ್ತದೆ.

ಮೊದಲು ಕುಲದ ಸಾಮಾನ್ಯ ಲಕ್ಷಣಗಳನ್ನು ಹೇಳುವೆನು. ಮೈ ನೀಳ, ಹುರುಪೆಗಳು ತೆಳುವಾಗಿದ್ದು ಕೈ ತಾಗಿದೊಡನೆ ಉದುರುವುವು. ಬೆನ್ನಿನ ಮೇಲೆ ಒಂದೇ ಈಜುರೆಕ್ಕೆ, ಅದರಲ್ಲಿ ಮುಳ್ಳುಗಳಿಲ್ಲ. ಹೊಟ್ಟೆಯ ನಡುಗೆರೆಯುದ್ದಕ್ಕೂ ಚೂಪಾದ ಗಟ್ಟಿ ಹುರುಪೆಗಳ ಸಾಲೊಂದಿದ್ದು, ಬಾಲದ ಕಡೆಯಿಂದ ತಲೆಯ ಕಡೆಗೆ ಬೆರಳನ್ನು ಎಳೆದರೆ ಗರಗಸದಂತೆ ತಗಲುತ್ತದೆ. ಕೊಲ್ಲತರುವಿನಲ್ಲಿ ಮೂತಿಯು ಬಾಯಿಯ ಮುಂದಕ್ಕೆ ಚಾಚಿರುವಂತೆ ಇದರಲ್ಲಿ ಇರುವುದಿಲ್ಲ. ಗುದದ ಹಿಂದಿನ ಈಜುರೆಕ್ಕೆಯ ಕೊನೆಯ ಎರಡು ಕಡ್ಡಿಗಳು ಉಳಿದವುಗಳಿಗಿಂತ ದೊಡ್ಡವು. ಈ ಒಂದು ಗುರುತನ್ನು ವಾಚಕರು ವಿಶೇಷವಾಗಿ ನೆನಪಿನಲ್ಲಿಡತಕ್ಕದ್ದು.

ಇನ್ನು ಕುಲದೊಳಗಿನ ಪ್ರಭೇದಗಳು. ನಮ್ಮ ತೀರದಲ್ಲಿ ಭೂತಾಯಿಯೊಡನೆ ಅದರ ದಾಯಾದಿಗಳಾದ ಫಿಂಬ್ರಿಯಾಟ, ಗಿಬ್ಬೋಸ, ಆಲ್ಬೆಲ್ಲ ಮೊದಲಾದವೂ ಬಲೆಗೆ ಬೀಳುವುವು. ಇವುಗಳಲ್ಲಿ ಎಣ್ಣೆಯು ಭೂತಾಯಿಯಲ್ಲಿರುವಷ್ಟಿಲ್ಲ. ಇವನ್ನು ಬೇರ್ಪಡಿಸಲು ಬಣ್ಣವನ್ನು ನಂಬುವುದು ಸಲ್ಲ. ಮೀನು ಸತ್ತ ಕೆಲವು ಗಳಿಗೆಗಳಲ್ಲಿಯೇ ಬಣ್ಣವು ಮಾಸುತ್ತದೆ. ಎಣಿಕೆಯೇ ನಂಬತಕ್ಕದ್ದು. ಹೊಟ್ಟೆಯ ಜೋಡಿ ಈಜುರೆಕ್ಕೆಯಲ್ಲಿ ಭೂತಾಯಿಗೆ ಕವಲೊಡೆಯದ ಕಡ್ಡಿ ಒಂದು, ಕವಲೊಡೆದವು ಎಂಟು. ಮೇಲೆ ಹೇಳಿದ ದಾಯಾದಿಗಳಿಗೆ ಕವಲೊಡೆದವು ಏಳು ಮಾತ್ರ. ಇದಲ್ಲದೆ ಭೂತಾಯಿಯ ಮೈ ಹೆಚ್ಚು ದುಂಡಗಿದ್ದು, ಕಿವಿರಿನ ಮುಚ್ಚಳದ ಹಿಂದಂಚಿನಲ್ಲಿ ಕಪ್ಪು ಮಚ್ಚೆಯೊಂದು ಸ್ಪಷ್ಟವಾಗಿ ಕಾಣುತ್ತದೆ.

ಎಲ್ಲಕ್ಕಿಂತಲೂ ವಿಚಾರಯೋಗ್ಯವಾದ ಅಂಗವು ಕಿವಿರು. ಮುಚ್ಚಳವನ್ನೆತ್ತಿ ಮೊದಲನೆಯ ಕಿವಿರುಕಮಾನನ್ನು ಹೊರತೆಗೆದರೆ, ಒಂದು ಕಡೆ ಉಸಿರಾಟಕ್ಕೆ ಬೇಕಾದ ಕೆಂಪು ಎಳೆಗಳೂ ಇನ್ನೊಂದು ಕಡೆ ಬಾಚಣಿಗೆಯ ಹಲ್ಲುಗಳಂತೆ ಒತ್ತಾದ ಸಣ್ಣ ಕಡ್ಡಿಗಳೂ ಕಾಣುವುವು. ಕಮಾನಿನ ಕೆಳತೋಳೊಂದರಲ್ಲಿಯೇ ಭೂತಾಯಿಗೆ ಈ ಕಡ್ಡಿಗಳು 150 ರಿಂದ 250ರ ವರೆಗೆ ಇರುತ್ತವೆ. ದಾಯಾದಿಗಳಲ್ಲಿ ಅವು ನೂರನ್ನು ಮುಟ್ಟುವುದಿಲ್ಲ. ಗೃಹಿಣಿಯರು ಮೈದಾ ಹಿಟ್ಟಿಗೆ ಒಂದು ಜರಡಿ, ರವೆಗೆ ಇನ್ನೊಂದು ಜರಡಿ ಇಟ್ಟುಕೊಳ್ಳುವಂತೆಯೇ ಇದು. ಭೂತಾಯಿಯ ಜರಡಿ ಬಹು ನುಣುಪು. ಕಣ್ಣಿಗೆ ಕಾಣದ ಡಯಾಟಮ್ ಎಂಬ ಸೂಕ್ಷ್ಮ ಸಸ್ಯಗಳನ್ನು ಸಹ ಸೋಸಿ ಹಿಡಿಯುತ್ತದೆ. ಇಂತಹ ಸಸ್ಯಾಹಾರವನ್ನು ಜೀರ್ಣಿಸಲೆಂದೇ ಕರುಳು ಉದ್ದವಾಗಿ ಸುರುಳಿಗೊಂಡಿದೆ.

ಮಳೆಗಾಲದಲ್ಲಿ ಕಡಲಿನ ತಳದ ತಣ್ಣನೆಯ ಸಾರವತ್ತಾದ ನೀರು ಮೇಲೇರಿ, ಡಯಾಟಮ್‌ಗಳು ಹೊಲದ ಕಳೆಯಂತೆ ಹುಲುಸಾಗಿ ಬೆಳೆಯುವುವು. ಆ ಕಾಲದಲ್ಲಿಯೇ ಭೂತಾಯಿಯು ಮೊಟ್ಟೆಯಿಡುತ್ತದೆ. ಅನಂತರ ಚೆನ್ನಾಗಿ ಮೇದು, ಮಳೆ ನಿಂತ ತಿಂಗಳುಗಳಲ್ಲಿ ಕೊಬ್ಬನ್ನು ತುಂಬಿಕೊಳ್ಳುತ್ತದೆ. ಆಹಾರಕ್ಕೂ ಮೀನಿಗೂ ನಡುವೆ ಇನ್ನೊಂದು ಪ್ರಾಣಿ ಬಹುಮಟ್ಟಿಗೆ ಇಲ್ಲದಿರುವುದರಿಂದಲೇ ಇದು ಇಷ್ಟು ಅಪಾರವಾಗಿ ಬೆಳೆಯುವುದು. ಅದೇ ಕಾರಣದಿಂದ, ಮಳೆಯೂ ಕಡಲೂ ಹದ ತಪ್ಪಿದ ವರ್ಷ ಇದು ಕಾಣೆಯೂ ಆಗುತ್ತದೆ. 2012ರಲ್ಲಿ ಭಾರತದ ತೀರಕ್ಕೆ ಏಳು ಲಕ್ಷ ಟನ್ನಿಗೂ ಮೇಲ್ಪಟ್ಟು ಬಂದ ಈ ಮೀನು, 2021ರಲ್ಲಿ ಕೇರಳದಲ್ಲಿ ಸುಮಾರು 3,300 ಟನ್ನಿಗೆ ಇಳಿಯಿತು.

ಇದರ ಆಯುಸ್ಸು ಎರಡೂವರೆ, ಮೂರು ವರ್ಷ. ಸುಮಾರು 15 ಸೆಂಟಿಮೀಟರ್, ಅಂದರೆ ಆರು ಅಂಗುಲ ಬೆಳೆದ ಮೇಲೆ ಮೊದಲ ಬಾರಿ ಮೊಟ್ಟೆಯಿಡುತ್ತದೆ. ಅದಕ್ಕಿಂತ ಕಿರಿದನ್ನು ರಾಶಿಗಟ್ಟಲೆ ಹಿಡಿದು ಗೊಬ್ಬರ ಮಾಡುವುದು ಬಿತ್ತನೆಯ ಬತ್ತವನ್ನು ಕುಟ್ಟಿ ಉಂಡಂತೆಯೇ ಸರಿ. 1943ರಲ್ಲಿ, ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತಕ್ಕೆ ಸೇರಿದ್ದಾಗ, ಅಲ್ಲಿಯ ಸರಕಾರವು ಎಳೆಯ ಭೂತಾಯಿಯನ್ನು ಹಿಡಿಯುವುದಕ್ಕೆ ನಿರ್ಬಂಧ ವಿಧಿಸಿತ್ತು. ಆ ನಿಯಮವು ಬಹುಕಾಲ ನಿಲ್ಲಲಿಲ್ಲ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಕಿರಿದಾದುದನ್ನು ಹಿಡಿಯಕೂಡದೆಂಬ ನಿಯಮವನ್ನು ಈಚೆಗೆ ಮಾಡಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಅಳತೆಯು ತೀರ ಕಡಮೆ. ಕಡಲೂರಿನ ಗ್ರಾಮಮುಖ್ಯರು ದಡದಲ್ಲಿ ಒಣಹಾಕಿದ ರಾಶಿಯಿಂದ ಹತ್ತು ಮೀನುಗಳನ್ನು ತೆಗೆದು ಅಳೆದರೆ ಸಂಗತಿಯು ತಾನಾಗಿ ತಿಳಿಯುವುದು.

ಗೊಬ್ಬರದ ವಿಷಯದಲ್ಲಿ ಎರಡು ಮಾತು. ದಡದ ಮರಳಿನ ಮೇಲೆ ಇಡಿಯಾಗಿ ಒಣಗಿಸಿದ ಮೀನು ಒಂದು ಬಗೆ. ಬೇಯಿಸಿ ಎಣ್ಣೆಯನ್ನು ಹಿಂಡಿ ಉಳಿದ ಹಿಂಡಿಯು ಇನ್ನೊಂದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದ್ರಾಸ್ ಪ್ರಾಂತದ ಮೀನುಗಾರಿಕೆಯನ್ನು ಸುಧಾರಿಸಿದ ಸರ್ ಫ್ರೆಡರಿಕ್ ನಿಕಲ್ಸನ್ನರು ಈ ಎರಡನೆಯ ಕ್ರಮಕ್ಕೆ ಪ್ರೋತ್ಸಾಹವಿತ್ತರು. ಎಣ್ಣೆ ತೆಗೆದದ್ದು ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ, ಮರಳೂ ಕಡಮೆ. ಮೀನುಗೊಬ್ಬರದಲ್ಲಿ ಸಾರಜನಕವು ನೂರಕ್ಕೆ 4 ರಿಂದ 10, ರಂಜಕಾಮ್ಲವು 3 ರಿಂದ 9, ಪೊಟ್ಯಾಷ್ ಅತ್ಯಲ್ಪ. ಆದುದರಿಂದ ತೆಂಗಿಗೆ ಇದರೊಡನೆ ಬೂದಿಯನ್ನೋ ಪೊಟ್ಯಾಷ್ ಗೊಬ್ಬರವನ್ನೋ ಸೇರಿಸತಕ್ಕದ್ದು. ಹಾಕಿದೊಡನೆ ಮಣ್ಣು ಮುಚ್ಚದಿದ್ದರೆ ನಾಯಿ ಕಾಗೆಗಳ ಪಾಲಾಗುವುದು.

ಮೂಟೆಯನ್ನು ಕೊಳ್ಳುವ ಮುನ್ನ 100 ಗ್ರಾಂ ಗೊಬ್ಬರವನ್ನು ತೂಗಿ ನೀರಿನಲ್ಲಿ ಕಲಕಿರಿ. ತೇಲುವುದನ್ನು ಬಗ್ಗಿಸಿ, ತಳದಲ್ಲಿ ನಿಂತದ್ದನ್ನು ಒಣಗಿಸಿ ಮತ್ತೆ ತೂಗಬೇಕು. ಎಲುಬಿನ ಚೂರುಗಳೂ ತಳಕ್ಕಿಳಿಯುವುದರಿಂದ ಅವನ್ನು ಆರಿಸಿ ತೆಗೆಯಿರಿ. ಉಳಿದದ್ದು ಬೆರಳಿಗೆ ಕರಕರನೆ ತಗಲಿದರೆ ಅದು ಮರಳು. ಅದರ ತೂಕವನ್ನು ಬೆಲೆಯಿಂದ ಕಳೆದೇ ವ್ಯಾಪಾರ ಕುದುರಿಸಬೇಕು.